ಈರುಳ್ಳಿ ಗಿಡದ ಅಮೈನೋ ಆಸಿಡ್ ಅತ್ತಿಗೆಯ ಹೊಟ್ಟೆಗೆ

ಗುಂಪಿನ ಗೆಳೆಯರೇ, ಇಂದು ಬೆಳಿಗ್ಗೆ ಅಜ್ಜಂಪುರದ ಗೊಬ್ಬರದಂಗಡಿಯವರೊಬ್ಬರು ಈರುಳ್ಳಿ ಬೆಳೆಗೆ ಸಿಂಪಡಿಸುವ ಅಮೈನೋ ಆಸಿಡ್ಡನ್ನು ನಿದ್ದೆಯ ಔಷಧಿಯೆಂದು ನನ್ನ ಅತ್ತಿಗೆಗೆ ಮಾರಿದ್ದಾರೆ. ತಿಂಗಳುಗಳಿಂದ ನಿದ್ದೆಯಿಲ್ಲದೆ ಒದ್ದಾಡುತ್ತಿರುವ ಅತ್ತಿಗೆ, ಅಮೈನೋ ಆಸಿಡ್ ಕುಡಿದರೆ ನಿದ್ದೆ ಬರುತ್ತದೆಂದು ಮೊಬೈಲಿನಲ್ಲಿ ನೋಡಿ, ಪರಿಚಯದ ಅಂಗಡಿಗೇ ಹೋಗಿ ಕೇಳಿದ್ದರು. ಮನೆಗೆ ಬಂದು ಎರಡು ಮುಚ್ಚಳ ಕುಡಿದೂ ಬಿಟ್ಟರು.

ಡಬ್ಬಿ ಹಿಡಿದು ಅಂಗಡಿಗೆ ಓಡಿದೆ.

"ಯಾಕ್ ಗಾಬರಿ ಬೀಳ್ತೀರಾ ಮೇಷ್ಟ್ರೇ? ಗಿಡಕ್ಕೆ ಒಳ್ಳೇದಾಗೋದು ಮನುಷ್ಯರಿಗೆ ಆಗಲ್ವಾ?"

"ಇದರಲ್ಲಿ ಇನ್ನೇನು ಬೆರೆಸಿದ್ದಾರೆ, ಅದನ್ನ ಹೇಳಿ."

"ಅದು ಕಂಪನಿಯವ್ರಿಗೆ ಗೊತ್ತು ಕಣ್ರೀ, ನಮಗೇನ್ ಗೊತ್ತು?"

ಹಿಂದೆ ಈ ಅಂಗಡಿ ನಡೆಸುತ್ತಿದ್ದ ಇವರ ತಂದೆ ಬೆಳೆಯ ಔಷಧಿ ಕೊಡುವಾಗ, ಮುಟ್ಟಿದ ಕೈ ತೊಳೆದುಕೊಳ್ಳಿ ಎಂದು ಎರಡೆರಡು ಸಲ ಹೇಳುತ್ತಿದ್ದರು. ನನಗೆ ನೆನಪಿದೆ.

ಈಗ ತರೀಕೆರೆಯ ಆಸ್ಪತ್ರೆಯಲ್ಲಿದ್ದೇವೆ. ಇದರಲ್ಲಿ ಏನೇನು ಬೆರೆಸಿದ್ದಾರೆ ಎಂದು ಡಾಕ್ಟರೂ ಕೇಳುತ್ತಿದ್ದಾರೆ. ಲೇಬಲ್ಲಿನಲ್ಲಿ ಪೂರ್ತಿ ಬರೆದಿಲ್ಲ. ಅತ್ತಿಗೆಗೆ ಕೊನೆಗೂ ಕಣ್ಣು ಎಳೆಯುತ್ತಿದೆ, ನಾವು ಹೆದರಿ ಹತ್ತು ನಿಮಿಷಕ್ಕೊಮ್ಮೆ ಎಬ್ಬಿಸುತ್ತಿದ್ದೇವೆ. "ಈಗ್ಲಾದ್ರೂ ಮಲಗಕ್ಕೆ ಬಿಡ್ರಪ್ಪಾ" ಎಂದು ಬೈಯುತ್ತಿದ್ದಾರೆ.

ಅಂಗಡಿಯವರೇ, ನೀವೂ ಈ ಗುಂಪಿನಲ್ಲಿದ್ದೀರಿ. ಆ ಡಬ್ಬಿಯಲ್ಲಿ ಏನೇನಿದೆ? ನಿದ್ದೆಗೆಂದು ಇನ್ನು ಯಾರ್ಯಾರಿಗೆ ಕೊಟ್ಟಿದ್ದೀರಿ? ಕಂಪನಿಗೆ ಫೋನ್ ಮಾಡಿ ಕೇಳಿ, ಉತ್ತರವನ್ನು ಇಲ್ಲೇ, ಎಲ್ಲರ ಎದುರು, ಈಗಲೇ ಬರೆಯಿರಿ.