ಅಣ್ಣನ ಕೈಯಳತೆಯ ಹಿಡಿ

ಬಸ್ಸಿನಲ್ಲಿ ಚೀಲ ಜಾರಿ, ಪಿಸ್ತೂಲು ಕಂಡಕ್ಟರ್ ಕಾಲ ಬುಡಕ್ಕೆ ಬೀಳಬಹುದಿತ್ತು. ಪಾಂಡವಪುರದ ನಿಲ್ದಾಣದಲ್ಲಿ ಪೊಲೀಸರು ತಡೆಯಬಹುದಿತ್ತು. 'ಬರೀ ಗಾಳಿ ಪಿಸ್ತೂಲು ಸಾರ್, ಲೈಸೆನ್ಸು ಬೇಕಾಗಿಲ್ಲ' ಎಂದು ನಾನು ತೊದಲುವುದನ್ನು ಕೇಳಿಯೇ ಅವರಿಗೆ ಅನುಮಾನ ಹುಟ್ಟಬಹುದಿತ್ತು. ಒಳಗಿನ ಸ್ಪ್ರಿಂಗು ಮುರಿಯಬಹುದಿತ್ತು. ಚರ್ಮದ ವಾಷರು ಒಣಗಿ ಗಾಳಿ ಸೋರಬಹುದಿತ್ತು. ಹಿಡಿಯ ಮರ ಸೀಳಬಹುದಿತ್ತು. ಗುಂಡು ಗೋಡೆಗೆ ಬಡಿದು ವಾಪಸ್ಸು ಹಾರಿ ಅತ್ತಿಗೆಯ ಕಣ್ಣಿಗೋ ಪಕ್ಕದ ಮನೆಯ ಎಮ್ಮೆಗೋ ತಗಲಬಹುದಿತ್ತು. ಎಮ್ಮೆಗೆ ತಗಲಿದ್ದರೆ ಊರಲ್ಲಿ ನ್ಯಾಯ ಪಂಚಾಯಿತಿ ಸೇರುವುದು ಖಂಡಿತ.

ಇವನ್ನೆಲ್ಲ ಕಚೇರಿಯ ಹಳೇ ಡೈರಿಯ ಹಿಂದಿನ ಪುಟದಲ್ಲಿ ಬರೆದಿಟ್ಟಿದ್ದೆ. ಇಪ್ಪತ್ತಮೂರಾಗಿದ್ದವು. ನನ್ನ ಹೆಂಡತಿ ಓದಿ, "ಇಪ್ಪತ್ನಾಕ್ನೇದು ನೀವೇ ಕಣ್ರೀ" ಅಂದಳು.

ನಾನು ಕೆ.ಆರ್. ಪೇಟೆಯ ಒಂದು ಕಚೇರಿಯಲ್ಲಿ ಗುಮಾಸ್ತ. ಐವತ್ತೆರಡು ವರ್ಷ. ಗ್ಯಾಸ್ ಆಫ್ ಮಾಡಿದೆನೋ ಇಲ್ಲವೋ ಎಂದು ಅರ್ಧ ದಾರಿಯಿಂದ ವಾಪಸ್ಸು ಬರುವ ಆಸಾಮಿ. ಪಿಸ್ತೂಲಿನ ಸಹವಾಸ ನನ್ನದಲ್ಲ, ಅಣ್ಣನದು. ಕ್ಯಾತನಹಳ್ಳಿಯ ಮನೆಯ ಹಿತ್ತಿಲಲ್ಲಿ ಮರಳಿನ ಮೂಟೆಗೆ ಹಾಳೆ ಅಂಟಿಸಿ, ಹತ್ತು ಮೀಟರು ದೂರ ನಿಂತು, ಒಂದೇ ಕೈ ಚಾಚಿ ಅವನು ಗುರಿಯಿಡುತ್ತಿದ್ದರೆ ಭುಜದಿಂದ ಬೆರಳ ತುದಿಯವರೆಗೆ ಒಂದಿಷ್ಟೂ ಅಲುಗಾಟವಿರುತ್ತಿರಲಿಲ್ಲ. ನಾನು ಒಮ್ಮೆ ಹಿಡಿದಾಗ ಮೂಟೆ ಬಿಟ್ಟು ಬಚ್ಚಲ ಹಂಚಿಗೆ ಹೊಡೆದಿದ್ದೆ. ಅವನ ಆ ಪಿಸ್ತೂಲು ಎಂದೋ ತುಕ್ಕು ಹಿಡಿದು ಗುಜರಿ ಸೇರಿತು.

ಕಳೆದ ವರ್ಷ ಅವನಿಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು ಹೋದವು. ಮಾತು ತಡವರಿಸಿಕೊಂಡಾದರೂ ಬರುತ್ತಿತ್ತು. ಎಡಗೈಯನ್ನು ಬಳಸಿದಷ್ಟೂ ಮನುಷ್ಯ ಮೇಲೇಳುತ್ತಾನೆ, ಇಲ್ಲದಿದ್ದರೆ ಹಾಸಿಗೆಗೇ ಸೇರುತ್ತಾನೆ ಎಂದು ಡಾಕ್ಟರು ಹೇಳಿದ್ದರು. ಆದರೆ ಅಣ್ಣ ಎಡಗೈ ಬಳಸಲು ಒಪ್ಪಲೇ ಇಲ್ಲ. ಹಿಸುಕಲೆಂದು ಕೊಟ್ಟ ರಬ್ಬರ್ ಚೆಂಡನ್ನು ಬಿಸಾಡಿದ. ತಟ್ಟೆಯನ್ನು ಎಡಕ್ಕೆ ಸರಿಸಿದರೆ ಮುಖ ತಿರುಗಿಸುತ್ತಿದ್ದ. "ತೊಳೆಯೋ ಕೈಲಿ ಉಣ್ಣು ಅಂತೀಯೇನ್ಲಾ?" ಎಂದು ನನ್ನನ್ನು ಒಮ್ಮೆ ಕೇಳಿದ. ಆಮೇಲೆ ಯಾರೂ ಅವನೆದುರು ಎಡಗೈ ಎಂಬ ಮಾತೆತ್ತಲಿಲ್ಲ. ಅತ್ತಿಗೆ ಮುದ್ದೆ ಮುರಿದು ಬಾಯಿಗಿಡುತ್ತಿದ್ದರು. ತಿಂಗಳು ತಿಂಗಳಿಗೂ ಅವನು ಗೋಡೆಯ ಕಡೆಗೆ ಇನ್ನಷ್ಟು ಹೊರಳುತ್ತಿದ್ದ.

ನನಗೆ ಹೊಳೆದದ್ದು ಇಷ್ಟೆ: ಪಿಸ್ತೂಲು ಊಟವಲ್ಲ, ದೇವರ ಕೆಲಸವಲ್ಲ. ಅದನ್ನು ಯಾವ ಕೈಯಲ್ಲಿ ಹಿಡಿದರೂ ಮೈಲಿಗೆಯಿಲ್ಲ. ಗಾಳಿ ಎಳೆದು ಗುಂಡು ಹಾಕಿ ಕೊಡಲು ನಾನಿದ್ದೇನೆ. ಎಡಗೈಗೆ ಸರಿಯಾಗಿ ಕೂರುವ ಹಿಡಿಯೊಂದಿದ್ದರೆ ಆ ಕೈ ತಾನಾಗಿ ಎದ್ದೀತು.

ಶ್ರೀರಂಗಪಟ್ಟಣದಲ್ಲಿ ನಿವೃತ್ತ ಡ್ರಿಲ್ ಮೇಷ್ಟರೊಬ್ಬರ ಬಳಿ ಹಳೆಯ ಗಾಳಿ ಪಿಸ್ತೂಲೊಂದು ಸಿಕ್ಕಿತು. ಅಲ್ಲೇ ಸ್ಟೋವ್ ರಿಪೇರಿ ಮಾಡುವ ಸಾಬರು ಸೈಕಲ್ ಪಂಪಿನ ಚರ್ಮವನ್ನು ಕತ್ತರಿಸಿ, ಎಣ್ಣೆಯಲ್ಲಿ ನೆನೆಸಿ, ವಾಷರು ಕೂರಿಸಿಕೊಟ್ಟರು. ತುಕ್ಕನ್ನು ನಾನೇ ಎರಡು ಭಾನುವಾರ ಕೂತು ಉಜ್ಜಿದೆ. ಉಳಿದದ್ದು ಹಿಡಿ.

ನಾಗಮಂಗಲದಲ್ಲಿ ಕುಡುಗೋಲು, ಮಚ್ಚುಗಳಿಗೆ ಹಿಡಿ ಹಾಕುವ ಆಚಾರಿಯೊಬ್ಬರಿದ್ದಾರೆ. ಪಿಸ್ತೂಲನ್ನು ಮೇಜಿನ ಮೇಲಿಟ್ಟಾಗ ಅವರು ಬೆಚ್ಚಲಿಲ್ಲ, ಬೆಚ್ಚಿದವನು ನಾನೇ. ಯಾರ ಕೈಗೆ ಎಂದು ಕೇಳಿದರು. ನಮ್ಮಣ್ಣನ ಕೈಗೆ ಎಂದೆ.

"ಅಂಗಾರೆ ಕೈ ಬರ್ಬೇಕಲ್ಲ ಸ್ವಾಮಿ. ಸಂತೇಲಿ ಮಾರೋ ಮಚ್ಚಿನ ಇಡಿ, ಊರೋರ ಕೈಗೆಲ್ಲಾ ಆಯ್ತದೆ, ಯಾವನ ಕೈಗೂ ಕೂರಕಿಲ್ಲ."

ಅವನು ಬರುವ ಸ್ಥಿತಿಯಲ್ಲಿಲ್ಲ ಎಂದಾಗ, ನೆನೆಸಿದ ಹುತ್ತದ ಮಣ್ಣಿನ ಉಂಡೆಯೊಂದನ್ನು ಒದ್ದೆ ಗೋಣಿಯಲ್ಲಿ ಸುತ್ತಿ ಕೊಟ್ಟರು. ಅಣ್ಣ ಅದನ್ನು ಮುಷ್ಟಿಯಲ್ಲಿ ಒತ್ತಬೇಕು. ಆ ಅಚ್ಚು ನೋಡಿ ಹಳೇ ಗಾಡಿಚಕ್ರದ ಜಾಲಿಮರದಲ್ಲಿ ಹಿಡಿ ಕೆತ್ತುತ್ತಾರೆ.

ಉಂಡೆಯನ್ನು ಕ್ಯಾತನಹಳ್ಳಿಗೆ ತಂದು ಅಣ್ಣನ ಎದುರಿಗೇ ಅತ್ತಿಗೆಯ ಕೈಗೆ ಕೊಟ್ಟು, ಅವನ ಮುಷ್ಟಿಯಲ್ಲಿ ಒತ್ತಿಸಿಡಿ ಎಂದೆ. ಗೋಣಿ ಒಣಗಬಾರದು, ಬಿಸಿಲಿಗಿಡಬಾರದು, ಬೆಕ್ಕು ಮುಟ್ಟಬಾರದು, ಒತ್ತಿಸಿದ ಮೇಲೆ ಮತ್ತೆ ಬಿಚ್ಚಬಾರದು ಎಂದು ನಾಲ್ಕು ಸಲ ಹೇಳಿ ಕೊನೆಯ ಬಸ್ಸು ಹಿಡಿದೆ. ಮಾರನೆಯ ದಿನ ಬಂದು ಸುತ್ತಿದ್ದನ್ನು ಸುತ್ತಿದಂತೆಯೇ ಒಯ್ದೆ. ಬಿಚ್ಚಿ ನೋಡಿದರೆ ಬಿರುಕು ಬಿಟ್ಟೀತೆಂಬ ಭಯ. ಪಟ್ಟಿಯಲ್ಲಿ ಅದು ಹನ್ನೊಂದನೆಯದು.

ಹದಿನೈದು ದಿನಕ್ಕೆ ಹಿಡಿ ಸಿದ್ಧವಾಯಿತು. ಕಪ್ಪಗೆ, ನುಣ್ಣಗೆ, ಬೆರಳಿಗೊಂದು ತಗ್ಗು, ಹೆಬ್ಬೆರಳಿಗೊಂದು ಮೆಟ್ಟಿಲು. ನನ್ನ ಕೈಯಲ್ಲಿ ಹಿಡಿದು ನೋಡಿದೆ. ಎಷ್ಟು ಹಿತವಾಗಿ ಕೂತಿತೆಂದರೆ, ಒಂದೇ ಹೊಟ್ಟೆಯಲ್ಲಿ ಹುಟ್ಟಿದವರ ಕೈಗಳಲ್ಲವೇ ಎಂದು ಕಣ್ಣು ತುಂಬಿಬಂತು. ಆಚಾರಿಯ ಎದುರು ಅತ್ತರೆ ಏನಂದುಕೊಂಡಾರೆಂದು ಸುಮ್ಮನೆ ಸೀನಿದೆ.

ಭಾನುವಾರ ಬೆಳಿಗ್ಗೆ ಹಿತ್ತಿಲಲ್ಲಿ ಮರಳಿನ ಮೂಟೆ ನಿಲ್ಲಿಸಿ, ಹಾಳೆ ಅಂಟಿಸಿ, ಅಣ್ಣನ ಕುರ್ಚಿಯನ್ನು ಹೊರಗೆ ತಂದೆವು. ಪೊಲೀಸರು ಬಂದಿರಲಿಲ್ಲ. ಸ್ಪ್ರಿಂಗು ಮುರಿದಿರಲಿಲ್ಲ. ಎಮ್ಮೆ ಮೇಯಲು ಹೋಗಿತ್ತು. ಪಿಸ್ತೂಲು ಕಂಡಾಗ ಅಣ್ಣ ಗೋಡೆ ಬಿಟ್ಟು ಈ ಕಡೆ ನೋಡಿದ. ಎಷ್ಟೋ ತಿಂಗಳಾದ ಮೇಲೆ ಹಾಗೆ ನೋಡಿದ್ದ. ನಾನು ಅದನ್ನು ಅವನ ಎಡಗೈಗೆ ಇಟ್ಟೆ. ಅವನು ಬೇಡ ಅನ್ನಲಿಲ್ಲ. ಬೆರಳುಗಳು ಮರದ ಮೇಲೆ ತಡಕಾಡಿದವು. ತಗ್ಗುಗಳು ಸಿಗಲಿಲ್ಲ. ಹೆಬ್ಬೆರಳಿನ ಮೆಟ್ಟಿಲು ಆಚೆ ಮಗ್ಗುಲಲ್ಲಿತ್ತು. ಅಂಗೈ ತುಂಬಬೇಕಾದ ಉಬ್ಬು ಬೆರಳುಗಳನ್ನು ದೂಡುತ್ತಿತ್ತು.

ನಾನು ಅತ್ತಿಗೆಯ ಮುಖ ನೋಡಿದೆ.

"ಅವ್ರೇ ಕಣಪ್ಪ, ಎಡಗೈಲಿ ಬಲಗೈ ಎತ್ತಿ ಉಂಡೆ ಮೇಲೆ ಮಡಗಿ ಅದುಮುದ್ರು" ಅಂದರು. "ಒಳ್ಳೆ ಕೆಲ್ಸಕ್ಕೆ ಇನ್ಯಾವ ಕೈ ಕೊಟ್ಟಾರು ಅಂತ ನಾನೂ ಸುಮ್ಕಾದೆ."

ಅಣ್ಣ ಪಿಸ್ತೂಲನ್ನು ತೊಡೆಯ ಮೇಲಿಟ್ಟುಕೊಂಡ. ಸತ್ತ ಬಲಗೈಯನ್ನು ಎತ್ತಿ ಹಿಡಿಯ ಮೇಲೆ ತಂದು, ಬೆರಳನ್ನು ಒಂದೊಂದಾಗಿ ಮಡಿಸಿ, ಒಂದೊಂದನ್ನೂ ಅದರದರ ತಗ್ಗಿನಲ್ಲಿ ಕೂರಿಸಿದ. ಕೂದಲೆಳೆಯಷ್ಟೂ ಸಂದಿಲ್ಲದೆ ಕೂತವು.

"ಸರ್ಯಾಗ್ ಕೂತದೆ ಕಣ್ಲಾ" ಅಂದ.

ಇನ್ನೊಂದು ಮಾಡಿಸುತ್ತೇನೆ, ಹದಿನೈದೇ ದಿನ ಸಾಕು ಎಂದೆ.

"ಬ್ಯಾಡ."

ಎಡಗೈಯಿಂದ ಆ ಬೆರಳುಗಳನ್ನು ಮುಚ್ಚಿ ಹಿಡಿದುಕೊಂಡೇ ಕುರ್ಚಿಯನ್ನು ಗೋಡೆಯ ಕಡೆ ತಿರುಗಿಸಲು ಹೇಳಿದ. ತಿರುಗಿಸಿದೆ. ಹಾಳೆಯಲ್ಲಿ ಒಂದೂ ತೂತು ಬೀಳಲಿಲ್ಲ.

ಸಂಜೆ ಮನೆಗೆ ಬಂದು ಡೈರಿ ತೆಗೆದೆ. ಇಪ್ಪತ್ತಮೂರರಲ್ಲಿ ಒಂದೂ ಆಗಿರಲಿಲ್ಲ. ಅವುಗಳ ಕೆಳಗೆ, ಆದದ್ದನ್ನು ಬರೆದೆ: ಯಾವ ಕೈ ಎಂದು ನಾನು ಹೇಳಲಿಲ್ಲ.