ಮೂವತ್ತೆರಡನೆಯ ಹೆಸರು

ಲಾ ನೊರಿಯಾದಲ್ಲಿ ಚುನಾವಣೆ ಯಾರು ಗೆಲ್ಲುತ್ತಾರೆಂದು ಗೊತ್ತಾಗುವುದು ಎಣಿಕೆಯ ರಾತ್ರಿ ಅಲ್ಲ, ಅದಕ್ಕೆ ನಾಲ್ಕು ದಿನ ಮುಂಚೆ, ಹೆರ್ಲಿಂಡಾಳ ಅಡುಗೆಮನೆಯ ಮೇಜಿನ ಮೇಲೆ. ಊರಿನವರೇ ಹೀಗೆ ಹೇಳುತ್ತಿದ್ದರು. ಹೆರ್ಲಿಂಡಾ ಒಂದು ದಿನವೂ ಅಲ್ಲವೆಂದವಳಲ್ಲ.

ಮೂವತ್ತೊಂದು ವರ್ಷ ಶಾಲೆಯ ಊಟದ ಕೋಣೆಯಲ್ಲಿ ಸೌಟು ಹಿಡಿದವಳು ಆಕೆ. ಇವತ್ತು ಕೌಂಟಿಯಲ್ಲಿ ಮತ ಹಾಕುವ ಅರ್ಧ ಜನ ಅವಳ ಕೈಯ ಬೀನ್ಸು ತಿಂದು ದೊಡ್ಡವರಾದವರು. ಯಾವನು ಪಕ್ಕದವನ ತಟ್ಟೆಗೆ ಕೈ ಹಾಕುತ್ತಿದ್ದ, ಯಾರ ಮನೆಗೂ ಯಾರ ಮನೆಗೂ ಮಾತು ಬಿಟ್ಟಿದೆ, ಯಾವ ಸೊಸೆ ಅತ್ತೆ ಹೇಳಿದ್ದಕ್ಕೆ ತಿರುಗಿಸಿಯೇ ಮತ ಹಾಕುತ್ತಾಳೆ, ಎಲ್ಲ ಅವಳಿಗೆ ಬಾಯಿಪಾಠ. ಚುನಾವಣೆಯ ದಿನಕ್ಕೆ ಎರಡು ವಾರ ಮುಂಚೆಯೇ ಅಲ್ಲಿ ಮುಂಗಡ ಮತದಾನ ತೆರೆಯುತ್ತದೆ, ನಾಲ್ಕು ದಿನ ಮುಂಚೆ ಮುಗಿಯುತ್ತದೆ. ಅದು ಶುರುವಾಯಿತೆಂದರೆ ಆಯಿತು, ದಿನಾ ಬೆಳಿಗ್ಗೆ ಹನ್ನೊಂದಕ್ಕೆ ಕೌಂಟಿ ಕಚೇರಿಯ ಕಿಟಕಿಯ ಮುಂದೆ ಹಾಜರು. ಹಿಂದಿನ ದಿನ ಯಾರ್ಯಾರು ಬಂದು ಮತ ಹಾಕಿದರೋ ಅವರ ಹೆಸರಿನ ಪಟ್ಟಿ, ಬಂದ ಸಾಲಿನಲ್ಲೇ, ಅಲ್ಲಿ ಸಿಗುತ್ತದೆ. ಯಾರಿಗೆ ಹಾಕಿದರೆಂದು ಅದರಲ್ಲಿ ಇರುವುದಿಲ್ಲ, ಅದು ಗುಟ್ಟು. ಗುಟ್ಟು ಬೇರೆಯವರಿಗೆ. ಹೆರ್ಲಿಂಡಾ ಮನೆಗೆ ಬಂದು ಕಾಫಿ ಕಾಸಿಕೊಂಡು, ನಮ್ಮವರಿಗೆ ಹಸಿರು ಗೀಟು, ಅವರ ಕಡೆಯವರಿಗೆ ಕೆಂಪು ಗೀಟು ಎಳೆದು, ಇಷ್ಟು ಮತದಲ್ಲಿ ಗೆಲುವು ಎನ್ನುತ್ತಿದ್ದಳು. ಇಪ್ಪತ್ತನಾಲ್ಕು ವರ್ಷದಲ್ಲಿ ಅವಳ ಲೆಕ್ಕ ಒಂಬತ್ತು ಮತಕ್ಕಿಂತ ಹೆಚ್ಚು ತಪ್ಪಿದ್ದಿಲ್ಲ.

ಈ ಸಲ ಕೌಂಟಿ ಕಮಿಷನರ್ ಸ್ಥಾನಕ್ಕೆ ನಿಂತವನು ಅವಳ ಅಣ್ಣನ ಮಗ ನೊಯೆ. ಎದುರಿಗೆ ಹನ್ನೆರಡು ವರ್ಷದಿಂದ ಕುರ್ಚಿ ಬಿಡದ ಎವರಾರ್ಡೊ. ನೊಯೆಗೆ ತಂದೆಯಿಲ್ಲ, ಎತ್ತಿ ಆಡಿಸಿದವಳು ಇವಳು. ಗೆಲ್ಲಿಸಲೇಬೇಕು ಎಂದು ಸೊಂಟ ಕಟ್ಟಿ ನಿಂತಿದ್ದಳು.

ಮುಂಗಡ ಮತದಾನದ ಮೊದಲನೇ ದಿನವೇ ಗಂಡ ಬಾಲ್ಡೆಮಾರ್‌ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೋಗಿ ಮತ ಹಾಕುವುದು ಅವಳ ಪದ್ಧತಿ. ಪಟ್ಟಿಯಲ್ಲಿ ಅವಳ ಹೆಸರು, ಕೆಳಗೆ ಅವನ ಹೆಸರು. ಇಪ್ಪತ್ತನಾಲ್ಕು ವರ್ಷವೂ ಹಾಗೆಯೇ. ಈ ಸಲ ಆ ಮಂಗಳವಾರ ಮಗಳ ಹೆರಿಗೆಯೆಂದು ಸಾನ್ ಅಂಟೋನಿಯೊಗೆ ಹೋಗಬೇಕಾಯಿತು. ನಾನು ಬರುವವರೆಗೆ ಕಾಯಿರಿ, ಜೊತೆಗೆ ಹೋಗೋಣ ಎಂದು ಗಂಡನಿಗೆ ಹೇಳಿಯೇ ಹೋಗಿದ್ದಳು.

ಬುಧವಾರ ಬಂದವಳು ಚೀಲ ಇಳಿಸುವ ಮುಂಚೆ ಪಟ್ಟಿ ತಂದಳು. ಮೂವತ್ತೊಂದನೆಯ ಹೆಸರು ಅಂಪಾರೊ. ಮೂವತ್ತೆರಡನೆಯದು ಬಾಲ್ಡೆಮಾರ್.

ಅಂಪಾರೊ ಯಾರೆಂದು ಹೇಳದಿದ್ದರೆ ಇದರ ಉರಿ ಗೊತ್ತಾಗುವುದಿಲ್ಲ. ಹೆರ್ಲಿಂಡಾಳ ದೊಡ್ಡ ಮಗನ ಜ್ಞಾನಸ್ನಾನದಲ್ಲಿ ಧರ್ಮತಾಯಿಯಾಗಿ ನಿಂತವಳು ಅವಳೇ, ಆದ್ದರಿಂದ ಮನೆಯವಳಿದ್ದಂತೆ. ಮದುವೆಗೆ ಮುಂಚೆ ಬಾಲ್ಡೆಮಾರ್ ಎರಡು ವರ್ಷ ಯಾರ ಜೊತೆ ಕುಣಿದ ಎಂದರೆ ಅದೂ ಅವಳೇ. ಈಗ ವಿಧವೆ. ಅರುವತ್ನಾಲ್ಕಾದರೂ ತಲೆಯಲ್ಲಿ ಒಂದು ಬಿಳಿ ಕೂದಲು ಕಾಣಿಸದಂತೆ ಬಣ್ಣ, ಕಿವಿಗೆ ಜೋತಾಡುವ ರಿಂಗು, ಹತ್ತು ಮಾರು ದೂರದಿಂದ ಹೊಡೆಯುವ ಅತ್ತರು. ಹಿರಿಯರ ಕೇಂದ್ರದ ಹದಿನಾಲ್ಕು ಸೀಟಿನ ವ್ಯಾನು ಓಡಿಸುತ್ತಾಳೆ. ಬೆಳಿಗ್ಗೆ ಮುದುಕ ಮುದುಕಿಯರನ್ನು ಮನೆಮನೆಯಿಂದ ಹತ್ತಿಸಿಕೊಂಡು ಹೋಗಿ, ಡಾಮಿನೊ ಆಡಿಸಿ, ಊಟ ಹಾಕಿ, ಮೂರಕ್ಕೆ ತಂದು ಬಿಡುತ್ತಾರೆ. ಬಾಲ್ಡೆಮಾರ್ ಆರು ತಿಂಗಳಿಂದ ಅಲ್ಲಿಗೆ ಹೋಗುತ್ತಿದ್ದ. ಅಂಪಾರೊ ಎವರಾರ್ಡೊನ ಕಡೆಯವಳು, ಅದನ್ನು ಮುಚ್ಚಿಟ್ಟವಳೂ ಅಲ್ಲ.

ಹೆರ್ಲಿಂಡಾ ಪಟ್ಟಿಯನ್ನು ಗಂಡನ ತಟ್ಟೆಯ ಪಕ್ಕ ಇಟ್ಟಳು.

"ಏನ್ರೀ ಇದು?"

"ವ್ಯಾನು ಹೊರಟಿತ್ತು, ಹತ್ತಿದೆ" ಎಂದ ಬಾಲ್ಡೆಮಾರ್, ಟಾರ್ಟಿಯಾ ರೊಟ್ಟಿ ಮುರಿಯುತ್ತಾ.

"ಹದಿನಾಲ್ಕು ಸೀಟಲ್ಲಿ ನಿಮಗೆ ಅವಳ ಪಕ್ಕದ್ದೇ ಬೇಕಿತ್ತಾ?"

"ಹಿಂದೆ ಕೂತರೆ ತಲೆ ತಿರುಗುತ್ತೆ ಕಣೇ."

"ಮುಂದೆ ಕೂತಿದ್ದಕ್ಕೇ ತಿರುಗಿದೆ. ಹೋಗ್ಲಿ, ಯಾರಿಗೆ ಹಾಕಿದ್ರಿ?"

ಬಾಲ್ಡೆಮಾರ್ ಬಾಯಿ ಒರೆಸಿಕೊಂಡು, "ಮತ ಗುಟ್ಟು" ಎಂದ.

ಅಷ್ಟು ಸಾಕಾಯಿತು. ನಲವತ್ತೆರಡು ವರ್ಷ ಸಂಸಾರ ಮಾಡಿದ ಗಂಡ ಹೆಂಡತಿಯ ಹತ್ತಿರ ಗುಟ್ಟೆನ್ನುತ್ತಾನಲ್ಲ ಎಂದು ಹೆರ್ಲಿಂಡಾ ಟಾರ್ಟಿಯಾದ ಬುಟ್ಟಿಯನ್ನು ತನ್ನ ಕಡೆಗೆ ಎಳೆದುಕೊಂಡಳು. ಅವಳು ಆಣೆಯಿಟ್ಟಷ್ಟು ಗಟ್ಟಿಯಾಗಿ ಹೇಳಿದಳು: ನೀವು ಯಾರಿಗೆ ಹಾಕಿದ್ದೆಂದು ಬಾಯಿ ಬಿಡುವವರೆಗೆ ನಾನು ಮತಗಟ್ಟೆಯ ಮೆಟ್ಟಿಲು ತುಳಿಯುವುದಿಲ್ಲ. ಬಾಲ್ಡೆಮಾರ್ ಹುಂ ಎಂದು ಇನ್ನೊಂದು ಟಾರ್ಟಿಯಾ ಕೇಳಿದ. ಗಂಡಸರ ಜಾತಿಯೇ ಹಾಗೆ, ಮನೆ ಹತ್ತಿ ಉರಿಯುತ್ತಿದ್ದರೂ ತಟ್ಟೆಯ ಮೇಲೆ ಕಣ್ಣು.

ಅಲ್ಲಿಂದ ಮುಂದೆ ಹೆರ್ಲಿಂಡಾ ಪಟ್ಟಿ ಓದುತ್ತಿದ್ದಳೋ ಅಂಪಾರೊಳನ್ನು ಓದುತ್ತಿದ್ದಳೋ ದೇವರಿಗೇ ಗೊತ್ತು. ವ್ಯಾನಿನಲ್ಲಿ ಬಂದವರ ಹೆಸರು ಒಂದರ ಕೆಳಗೊಂದು ಸಿಕ್ಕಿದರೆ ಸಾಕು, ಎಲ್ಲಕ್ಕೂ ಕೆಂಪು ಗೀಟು. ಕುರುಡು ಕ್ಲಿಯೊಫಾಸ್ ನೊಯೆಯ ಸ್ವಂತ ಸೋದರಮಾವ, ಅವನಿಗೂ ಕೆಂಪು. ಅಂಪಾರೊಳ ಪಕ್ಕ ಕೂತು ಬಂದವರು ಅವಳ ಮಾತು ಕೇಳದೆ ಇರುತ್ತಾರೆಯೇ, ಅವಳ ಅತ್ತರಿಗೇ ಅರ್ಧ ಮತ ಬೀಳುತ್ತದೆ ಎನ್ನುವುದು ಹೆರ್ಲಿಂಡಾಳ ವಾದ. ರಾತ್ರಿ ಮಲಗಿದರೆ ಪಕ್ಕದಲ್ಲಿ ಗೊರಕೆ ಹೊಡೆಯುವ ಗಂಡನ ಅಂಗಿ ಮೂಸಿ ನೋಡುವಳು. ಅರುವತ್ತಾರು ವರ್ಷದ ಅಜ್ಜಿ, ಆಗಷ್ಟೇ ಹುಟ್ಟಿದ ಮೊಮ್ಮಗುವಿನ ಮುಖ ಕೂಡ ಮರೆತು, ಗಂಡನ ಅಂಗಿ ಮೂಸುತ್ತಿದ್ದಳು. ಹೊಟ್ಟೆಕಿಚ್ಚಿಗೆ ವಯಸ್ಸು ನೋಡುವ ಮರ್ಯಾದೆ ಇರುವುದಿಲ್ಲ.

ಎರಡನೆಯ ವಾರ ಇನ್ನೊಂದು ವಿಷಯ ಕಣ್ಣಿಗೆ ಬಿತ್ತು. ಅವಳದೇ ಬೀದಿಯಿಂದ, ಅವಳದೇ ಚರ್ಚಿನ ಜಪಮಾಲೆಯ ಗುಂಪಿನಿಂದ, ಪ್ರತಿ ಚುನಾವಣೆಯಲ್ಲೂ ಮೊದಲ ಮೂರು ದಿನಗಳಲ್ಲೇ ಮೂವತ್ತು ಹೆಂಗಸರು ಬಂದು ಹೋಗುತ್ತಿದ್ದರು. ಈ ಸಲ ನಾಲ್ಕೇ ಹೆಸರು. ಊರಿನ ಬೇರೆ ಬೀದಿಗಳಲ್ಲಿ ಮತದಾನ ಹೋದ ಸಲಕ್ಕಿಂತ ಹೆಚ್ಚು. ಇವಳ ಬೀದಿ ಮಾತ್ರ ಬರಿದು. ನೊಯೆ ದಿನಾ ಸಂಜೆ ಬಂದು, "ಅತ್ತೆ, ನಮ್ಮ ಬೀದಿಯವರು ಯಾಕೆ ಹೊರಡ್ತಿಲ್ಲ? ಇದರ ಅರ್ಥ ಏನು?" ಎಂದು ಮುಖ ಸಣ್ಣದು ಮಾಡಿಕೊಂಡು ಕೇಳುವನು.

"ಇನ್ನೇನು ಅರ್ಥ? ಅಂಪಾರೊ ಕೆಡಿಸಿದಾಳೆ" ಎನ್ನುವಳು ಹೆರ್ಲಿಂಡಾ. "ಮನೆ ಮುರಿಯೋ ಕೈಗೆ ಬೀದಿ ಮುರಿಯೋದು ಎಷ್ಟರ ಕೆಲಸ."

ನೊಯೆ ಅತ್ತೆಯ ಮಾತು ನಂಬಿದ. ಇಪ್ಪತ್ತನಾಲ್ಕು ವರ್ಷ ತಪ್ಪದ ಬಾಯಿ, ನಂಬದೆ ಇನ್ನೇನು ಮಾಡಿಯಾನು. ಉಳಿದ ಮೂರು ದಿನವೂ ಹಿರಿಯರ ಕೇಂದ್ರದ ಬಾಗಿಲಲ್ಲೇ ಕೈ ಮುಗಿದು ನಿಂತು, ಆಗಲೇ ತನಗೆ ಹಾಕಿ ಬಂದಿದ್ದ ಮುದುಕರನ್ನೇ ನನಗೆ ಹಾಕಿ ಎಂದು ಬೇಡಿಕೊಂಡ. ತನ್ನ ಬೀದಿಯ ಒಂದು ಬಾಗಿಲೂ ತಟ್ಟಲಿಲ್ಲ.

ಮುಂಗಡ ಮತದಾನದ ಕೊನೆಯ ಶುಕ್ರವಾರ, ಸಂಜೆ ನಾಲ್ಕೂವರೆ. ಹೆರ್ಲಿಂಡಾ ಹಿತ್ತಲಲ್ಲಿ ಬಟ್ಟೆ ತೆಗೆಯುತ್ತಿದ್ದಳು. ಬೇಲಿಯಾಚೆಯಿಂದ ಪಕ್ಕದ ಮನೆಯ ಚೇಲೊ ಕರೆದಳು. ಚೇಲೊ ಎಂದರೆ ಯಾರ ತಂಟೆಗೂ ಹೋಗದ ಹೆಂಗಸು, ಆವತ್ತೂ ಹಿಂದೆ ಮುಂದೆ ನೋಡಿ ಮಾತು ತೆಗೆದಳು.

"ಅಕ್ಕಾ, ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ನೊಯೆ ಏನಾದ್ರೂ ತಪ್ಪು ಮಾಡಿದ್ನಾ?"

"ಯಾಕೆ ಹಂಗಂತೀಯ?"

"ನೀವಿನ್ನೂ ಹಾಕಿಲ್ವಲ್ಲ. ಪಟ್ಟೀಲಿ ನಿಮ್ಮ ಹೆಸರಿಲ್ಲ. ದಿನಾ ನನ್ನ ಮಗಳು ಫೋನಲ್ಲಿ ನೋಡಿ ಹೇಳ್ತಾಳೆ. ಬೀದಿಯವರೆಲ್ಲ ನೋಡ್ತಾರೆ. ಸ್ವಂತ ಅತ್ತೇನೇ ಹಾಕಿಲ್ಲ ಅಂದ್ರೆ ಏನೋ ಇರಬೇಕು, ಅವರಿಗೆ ಗೊತ್ತಿಲ್ದೆ ಇರುತ್ತಾ, ಅಂತ ಎಲ್ಲರೂ ಸುಮ್ಮನಿದೀವಿ."

ಹೆರ್ಲಿಂಡಾಳ ಕೈಯಲ್ಲಿದ್ದ ಬಾಲ್ಡೆಮಾರ್‌ನ ಅಂಗಿ ನೆಲಕ್ಕೆ ಬಿತ್ತು. ಇಷ್ಟು ವರ್ಷ ಊರನ್ನು ಓದಿದವಳಿಗೆ ಊರು ತನ್ನನ್ನೂ ಓದುತ್ತದೆ ಎಂದು ಒಮ್ಮೆಯೂ ಹೊಳೆದಿರಲಿಲ್ಲ. ಹತ್ತು ದಿನದಿಂದ ಆ ಬೀದಿಯನ್ನು ಕಟ್ಟಿಹಾಕಿದ್ದು ಅಂಪಾರೊ ಅಲ್ಲ, ಪಟ್ಟಿಯಲ್ಲಿ ಇರದ ತನ್ನ ಹೆಸರು.

ಮತಗಟ್ಟೆ ಏಳಕ್ಕೆ ಮುಚ್ಚುತ್ತದೆ. ಎರಡೂವರೆ ಗಂಟೆ ಉಳಿದಿತ್ತು. ಇಪ್ಪತ್ತಾರು ಹೆಂಗಸರು, ಅವರಲ್ಲಿ ಅರ್ಧ ಜನ ಕೋಲು ಹಿಡಿದು ನಡೆಯುವವರು. ಹೆರ್ಲಿಂಡಾಳ ಕಾರಿನಲ್ಲಿ ಹಿಡಿಸುವುದು ನಾಲ್ಕು ಜನ, ಹೋಗಿ ಬರಲು ಮುಕ್ಕಾಲು ಗಂಟೆ. ಹಿರಿಯರ ಕೇಂದ್ರದ ವ್ಯಾನು ಮೂರಕ್ಕೆ ಎಲ್ಲರನ್ನೂ ಬಿಟ್ಟು ಅಂಪಾರೊಳ ಮನೆ ಮುಂದೆ ಸುಮ್ಮನೆ ನಿಂತಿರುತ್ತದೆ, ಎರಡೇ ಓಟದಲ್ಲಿ ಕೆಲಸ ಮುಗಿಯುತ್ತದೆ. ಮತ ಹಾಕುತ್ತೇನೆ ಎಂದವರನ್ನು ಅಂಪಾರೊ ಯಾವ ಪಕ್ಷದವರೆಂದು ಕೇಳದೆ ಹತ್ತಿಸಿಕೊಳ್ಳುತ್ತಾಳೆ. ಇದು ಹೆರ್ಲಿಂಡಾಳಿಗೂ ಗೊತ್ತಿತ್ತು.

ಫೋನು ಕೈಗೆತ್ತಿಕೊಂಡಳು. ನಂಬರು ಒತ್ತಿದಳು. ಎರಡು ಸಲ ಗಂಟೆಯಾಗಿ ಅಂಪಾರೊ ಎತ್ತಿದಳು.

"ಹೇಳಿ ಅಕ್ಕ. ಏನು, ಬಾಲ್ಡೆ ಹುಷಾರಾಗಿದಾನೆ ತಾನೆ?"

ಬಾಲ್ಡೆ. ಆ ಹೆಸರನ್ನು ಅರ್ಧ ಕತ್ತರಿಸಿ ಕರೆಯುವ ಹಕ್ಕು ಹೆಂಡತಿಯದು. ವ್ಯಾನು ಕೇಳಲು ತೆರೆದ ಬಾಯಿ ಅಲ್ಲೇ ಮುಚ್ಚಿತು. ತಪ್ಪಿ ಒತ್ತಿದೆ ಎಂದು ಹೆರ್ಲಿಂಡಾ ಫೋನಿಟ್ಟಳು. ಅವಳ ಬಾಗಿಲಲ್ಲಿ ನಿಂತು ಬೇಡುವುದಕ್ಕಿಂತ ಕಾರಿನಲ್ಲೇ ಓಡಾಡಿ ಸಾಯುತ್ತೇನೆ ಎಂದುಕೊಂಡಳು. ತನ್ನ ಕಾಲ ಮೇಲೆ ತಾನೇ ಚಪ್ಪಡಿ ಎಳೆದುಕೊಳ್ಳುವವರಿಗೆ ಬುದ್ಧಿ ಹೇಳಲು ಯಾರಿಂದಾಗುತ್ತದೆ.

ಮೊದಲ ಓಟದಲ್ಲಿ ನಾಲ್ವರು. ಅವರ ಜೊತೆ ತಾನೂ ಮತ ಹಾಕಿದಳು. ಗಂಡನ ಬಾಯಿ ಬಿಡಿಸುವ ಮಾತು ಆಗ ನೆನಪಿಗೂ ಬರಲಿಲ್ಲ. ಎರಡನೆಯ ಓಟದಲ್ಲಿ ಮೂವರು ಸಿಕ್ಕಿದರು. ಮೂರನೆಯದಕ್ಕೆ ಹೊರಡುವ ಹೊತ್ತಿಗೆ ಒಬ್ಬಳು ಜಪಕ್ಕೆ ಕೂತಿದ್ದಳು, ಒಬ್ಬಳು ಮೊಮ್ಮಗನಿಗೆ ಉಣ್ಣಿಸುತ್ತಿದ್ದಳು. ಇಬ್ಬರನ್ನು ಎಳೆದುಕೊಂಡೇ ಹೋದಳು, ಹೋದಾಗ ಬಾಗಿಲು ಮುಚ್ಚಿತ್ತು. ಮತದಾನದ ದಿನ ಮಂಗಳವಾರ ಇನ್ನೊಂದು ಅವಕಾಶವಿತ್ತು, ಆದರೆ ಆವತ್ತು ಉತ್ತರದ ಗಾಳಿ ಎದ್ದು, ಮೂಳೆ ಕೊರೆಯುವ ಚಳಿ, ಜಿನುಗು ಮಳೆ. ಬಾಗಿಲು ಬಾಗಿಲು ತಟ್ಟಿದಳು. ಮಂಡಿ ನೋವೆಂದರು, ನನ್ನೊಬ್ಬಳ ಮತದಿಂದ ಏನಾಗುತ್ತದೆ ಎಂದರು. ಹತ್ತೊಂಬತ್ತರಲ್ಲಿ ಒಬ್ಬಳೂ ಹೊಸಿಲು ದಾಟಲಿಲ್ಲ.

ನೊಯೆ ಹದಿನಾಲ್ಕು ಮತದಲ್ಲಿ ಸೋತ.

ಮಾರನೆಯ ದಿನ ನೆಂಟರೆಲ್ಲ ಹೆರ್ಲಿಂಡಾಳ ಅಡುಗೆಮನೆಯಲ್ಲಿ ಸೇರಿದರು. ಸಾವಿನ ಮನೆಯಲ್ಲಿ ಕೂತಂತೆ ಕೂತು ಎಲ್ಲರೂ ಅಂಪಾರೊಳಿಗೆ ಶಾಪ ಹಾಕಿದರು. ವ್ಯಾನು ಮುಳುಗಿಸಿತು, ಮುದುಕರನ್ನು ಮರುಳು ಮಾಡಿದಳು, ಅವಳ ಬಾಯಿಗೆ ಮಣ್ಣು ಬೀಳ ಎಂದರು. ಹೆರ್ಲಿಂಡಾಳಿಗೆ ಕೇಳಲು ಹಿತವಾಗಿತ್ತು. ಒಂದು ಗಳಿಗೆ ಹಾಗೆಯೇ ಬಿಟ್ಟುಬಿಡೋಣ ಎನ್ನಿಸಿತು. ಬಾಲ್ಡೆಮಾರ್ ಒಲೆಯ ಪಕ್ಕದ ಕುರ್ಚಿಯಲ್ಲಿ ಟೋಪಿಯನ್ನು ಮಂಡಿಯ ಮೇಲಿಟ್ಟುಕೊಂಡು ಕೂತಿದ್ದ. ನೊಯೆ ಕಣ್ಣು ಕೆಂಪಗೆ ಮಾಡಿಕೊಂಡು, ನಾನು ಆ ಕೇಂದ್ರದ ಬಾಗಿಲಲ್ಲಿ ಇನ್ನಷ್ಟು ನಿಲ್ಲಬೇಕಿತ್ತು, ನನ್ನದೇ ತಪ್ಪು ಎಂದು ತನ್ನನ್ನೇ ಬೈದುಕೊಂಡ. ಅದನ್ನು ಹೆರ್ಲಿಂಡಾಳಿಗೆ ತಡೆಯಲಾಗಲಿಲ್ಲ.

"ವ್ಯಾನಲ್ಲ ಕಣಪ್ಪ" ಎಂದಳು. "ನಮ್ಮ ಬೀದೀಲಿ ಹತ್ತೊಂಬತ್ತು ಜನ ಹಾಕೇ ಇಲ್ಲ. ನಾನು ಹೋಗಲಿಲ್ಲ ಅಂತ ಅವರೂ ಹೋಗಲಿಲ್ಲ. ಎಲ್ಲ ನಿನ್ನವರೇ."

ನೊಯೆ ತಲೆಯೆತ್ತಿದ.

"ನೀವು ಯಾಕೆ ಹೋಗಲಿಲ್ಲ ಅತ್ತೆ?"

ಮೊಣಕಾಲು ನೋವಿತ್ತು ಎನ್ನಬಹುದಿತ್ತು. ಮಗಳ ಹೆರಿಗೆ ಎನ್ನಬಹುದಿತ್ತು. ಹೆರ್ಲಿಂಡಾ ಕೈಯಲ್ಲಿದ್ದ ಒರೆಸುವ ಬಟ್ಟೆಯನ್ನು ಮಡಿಸಿದಳು, ಬಿಚ್ಚಿದಳು, ಮತ್ತೆ ಮಡಿಸಿದಳು.

"ಹೊಟ್ಟೆಕಿಚ್ಚು" ಎಂದಳು. "ನಿಮ್ಮ ಮಾವ ಅಂಪಾರೊ ಪಕ್ಕ ಕೂತು ಹೋಗಿ ಮತ ಹಾಕಿ ಬಂದರು. ಅದಕ್ಕೆ."

ಒಬ್ಬ ಸೊಸೆ ಕಾಫಿ ಲೋಟದೊಳಗೆ ಮುಖ ಇಟ್ಟಳು. ನೊಯೆ ಮಾವನ ಕಡೆ ತಿರುಗಿದ. ಎಲ್ಲರೂ ತಿರುಗಿದರು.

"ನಾನು ನಿನಗೇ ಹಾಕಿದ್ದು ಮಗಾ" ಎಂದ ಬಾಲ್ಡೆಮಾರ್, ಎರಡು ವಾರ ಹೆಂಡತಿಗೆ ಹೇಳದ್ದನ್ನು ಕೇಳದವನಿಗೆ ಹೇಳುತ್ತಾ. ಆಮೇಲೆ ಹೆಂಡತಿಯತ್ತ ನೋಡಿದ. "ನನಗೋಸ್ಕರಾನಾ ಹೆರ್ಲಿ? ಈ ವಯಸ್ಸಲ್ಲಿ?"

ನಾಚಿಕೆಗೆ ನೆಲ ಬಾಯಿ ಬಿಡಬಾರದೇ ಎಂದು ನಿಂತಿದ್ದ ಹೆರ್ಲಿಂಡಾ ಗಂಡನ ಮುಖ ನೋಡಿದಳು. ಎಪ್ಪತ್ತು ದಾಟಿದ, ಹಲ್ಲುಸೆಟ್ಟು ಹಾಕಿಕೊಂಡ ಆ ಮುಖ ತಡೆಯಲು ಎಷ್ಟು ಪ್ರಯತ್ನಿಸಿದರೂ ಆಗದೆ, ಕಿವಿಯಿಂದ ಕಿವಿಗೆ ಅರಳುತ್ತಿತ್ತು. ಸೋತು ಕೂತ ಅಷ್ಟು ಜನರ ನಡುವೆ ಸಂತೋಷವಾಗಿದ್ದವನು ಅವನೊಬ್ಬನೇ.