ಮೂರನೆಯ ಟಿಕೆಟ್

ಕ್ರಿಕೆಟ್ ತಂಡದಲ್ಲಿ ಯಾರಿರಬೇಕು, ಯಾರನ್ನು ಕೈಬಿಡಬೇಕು ಎಂದು ಗಂಟಲು ಹರಿದುಕೊಳ್ಳುವವರನ್ನು ಕಂಡರೆ ನನಗೀಗ ಮೈ ಉರಿಯುತ್ತದೆ. ಒಂದು ಕಾಲದಲ್ಲಿ ಮೊಳಕಾಲ್ಮೂರಿನಲ್ಲಿ ನನ್ನಷ್ಟು ಗಂಟಲು ಹರಿದುಕೊಂಡವನು ಇನ್ನೊಬ್ಬನಿರಲಿಲ್ಲ ಅನ್ನುವುದು ಬೇರೆ ಮಾತು. ನನ್ನ ಹೆಸರು ಓಂಕಾರಮೂರ್ತಿ. ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ರೇಷ್ಮೆ ನೂಲು, ಜರಿಯ ಅಂಗಡಿ ಇಟ್ಟಿದ್ದೇನೆ. ನೇಕಾರರಿಗೆ ನೂಲು ಕೊಟ್ಟು, ಅವರು ನೇಯ್ದ ಸೀರೆ ತೆಗೆದುಕೊಂಡು ಚಳ್ಳಕೆರೆ, ಬಳ್ಳಾರಿ ಕಡೆಯ ಅಂಗಡಿಗಳಿಗೆ ಕಳಿಸುವುದು ನನ್ನ ಕಸುಬು. ಹೇಳಹೊರಟಿರುವುದು ನಾಗಭೂಷಣ ಎಂಬ ನೇಕಾರನ ವಿಷಯ. ನನ್ನ ವಿಷಯವೂ ನಡುವೆ ಬರುತ್ತದೆ. ಬಾರದಂತೆ ಹೇಳಲು ನೋಡಿದೆ, ಆಗಲಿಲ್ಲ.

ನಾಗಭೂಷಣ ನಮ್ಮ ತಾಲ್ಲೂಕಿನ ಸಿದ್ದಾಪುರದ ಹತ್ತಿರದ ಗೊಲ್ಲರಹಟ್ಟಿಯವನು. ಅಪ್ಪ ಜುಂಜಪ್ಪ ಕುರಿ ಕಾಯುತ್ತಿದ್ದ, ಮಗನೂ ಕಾಯ್ದ. ಎಲ್ಲಿಂದಲೋ ಒಂದು ಹಳೇ ಟ್ರಾನ್ಸಿಸ್ಟರ್ ಗಿಟ್ಟಿಸಿ ಕೊರಳಿಗೆ ನೇತುಹಾಕಿಕೊಂಡು ಗುಡ್ಡ ತಿರುಗುತ್ತಿದ್ದನಂತೆ. ಹಿಂದಿ ಬರುತ್ತಿರಲಿಲ್ಲ, ಇಂಗ್ಲಿಷ್ ಮೊದಲೇ ಇಲ್ಲ. ಕಾಮೆಂಟರಿ ಕೇಳಿ ಕೇಳಿ ಎರಡನ್ನೂ ಅಷ್ಟಿಷ್ಟು ಕಲಿತ. ಹದಿನೆಂಟಕ್ಕೆ ಊರಿಗೆ ಬಂದು ಕೂಲಿ ನೇಯಲು ಕೂತವನು ಹತ್ತು ವರ್ಷದಲ್ಲಿ ಹುಟ್ಟು ನೇಕಾರರನ್ನೇ ಮೀರಿಸಿದ. ಮದುವೆ ಸೀರೆಯ ಅಂಚಿಗೆ ನವಿಲು ಬೇಕೆಂದರೆ ನಾನು ಬೇರೆಯವರ ಮನೆ ಬಾಗಿಲಿಗೆ ಹೋಗುತ್ತಿರಲಿಲ್ಲ. ಮಗ್ಗದ ಗುಂಡಿಯಲ್ಲಿ ಕಾಲಿಳಿಬಿಟ್ಟು ಕೂತರೆ ಕೈಗೆ ಲಾಳಿ, ಕಿವಿಗೆ ರೇಡಿಯೋ. ಪಂದ್ಯ ನಡೆಯುವ ಹೊತ್ತೂ ನೇಯುವ ಹೊತ್ತೂ ಒಂದೇ ಆದ್ದರಿಂದ ಟಿ.ವಿ.ಯಲ್ಲಿ ಕೂಡ ಅವನು ಸರಿಯಾಗಿ ಆಟ ಕಂಡವನಲ್ಲ.

ಮರುಳಪ್ಪನ ರೇಡಿಯೋ ರಿಪೇರಿ ಅಂಗಡಿಯೇ ನಮ್ಮ ಆಯ್ಕೆ ಸಮಿತಿಯ ಕಚೇರಿ. ಮರುಳಪ್ಪ, ಡ್ರಿಲ್ ಮೇಷ್ಟ್ರು ದೊಡ್ಡೀರಪ್ಪ, ನಾನು, ನಾಗಭೂಷಣ, ಜೊತೆಗೆ ಇನ್ನೂ ಮೂವರು. ಟೆಸ್ಟ್ ಬಂತೆಂದರೆ ಹಳೆಯ ಕ್ಯಾಲೆಂಡರಿನ ಬೆನ್ನಿಗೆ ಹನ್ನೊಂದು ಹೆಸರು ಬರೆಯುವುದು, ಹೊಡೆದುಹಾಕುವುದು, ಮತ್ತೆ ಬರೆಯುವುದು. ಮೇಷ್ಟ್ರದೊಂದು ಕಟ್ಟುನಿಟ್ಟಾದ ನಿಯಮವಿತ್ತು: ಯಾರ ಹೆಸರನ್ನಾದರೂ ಒಬ್ಬ ಎತ್ತಬೇಕು, ಎತ್ತಿದವನೇ ಅದರ ಪರವಾಗಿ ವಾದಿಸಬೇಕು. ಎತ್ತುವವರಿಲ್ಲದ ಹೆಸರು ಪಟ್ಟಿಗೆ ಬರುವ ಹಾಗಿಲ್ಲ.

ತೊಂಬತ್ತೆಂಟರ ಮಾರ್ಚ್. ಆಸ್ಟ್ರೇಲಿಯಾದವರ ಮೇಲೆ ಮೊದಲೆರಡು ಟೆಸ್ಟ್ ಗೆದ್ದಾಗಿತ್ತು. ಮೂರನೆಯದು ಬೆಂಗಳೂರಿನಲ್ಲಿ.

“ಸರಣಿ ಹೆಂಗೂ ನಮ್ದಾಗೈತೆ. ಮೂರು ಜನ ಸ್ಪಿನ್ನರ್ ಹಾಕ್ಲಿ. ಆ ಬಿಳೇರು ಉಸಿರೆತ್ತಬಾರ್ದು,” ಎಂದೆ ನಾನು.

“ಹಾಕ್ರಿ ಅಣ್ಣ, ಬ್ಯಾಡ ಅನ್ನಲ್ಲ,” ಎಂದ ನಾಗಭೂಷಣ. “ಹೊಸಾ ಚೆಂಡು ಯಾರ ಕೈಗೆ ಕೊಡ್ತೀರಿ? ಅದಕ್ಕೂ ಇಬ್ರು ಬೇಕಲ್ಲ?”

“ಎಲಾ ಇವನ! ಬೆಂಗ್ಳೂರು ಪಿಚ್ ಮೇಲೆ ವೇಗಿ ಯಾಕ್ಲೇ ಬೇಕು? ಯಾವ ಗ್ರೌಂಡ್ ನೋಡೀಯಾ ನೀನು?” ಎಂದೆ.

“ಒಂದೂ ನೋಡಿಲ್ಲ,” ಎಂದು ನಕ್ಕ. ಎಲ್ಲರೂ ನಕ್ಕರು. ನಾನು ಮಾತ್ರ ನಗಲಿಲ್ಲ, ಯಾಕೆಂದರೆ ಅವನು ಹೇಳಿದ್ದರ ಹಿಂದಿನ ವಿಷಯ ಅಲ್ಲಿ ನನಗೊಬ್ಬನಿಗೇ ಗೊತ್ತಿತ್ತು.

ಆ ವರ್ಷ ಸಂಕ್ರಾಂತಿ ಕಳೆದ ಮೇಲೆ ಅವನು ತಂದ ಸೀರೆಯೊಂದರಲ್ಲಿ ನವಿಲುಗಳ ಕೊಕ್ಕು ತಪ್ಪಿತ್ತು. ಒಂದಲ್ಲ, ಸಾಲಾಗಿ ನಾಲ್ಕು. ನಾನು ಬಾಯಿಗೆ ಬಂದಂತೆ ಬೈದೆ. ತಲೆ ತಗ್ಗಿಸಿ ನಿಂತವನು ಕೊನೆಗೆ, “ಎಡಗಣ್ಣು ಮಬ್ಬಾಗೈತೆ ಅಣ್ಣ,” ಎಂದ. ಮರುದಿನವೇ ಚಳ್ಳಕೆರೆಯ ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಎರಡೂ ಕಣ್ಣಿನ ನರ ಒಣಗುತ್ತಿದೆ, ಹೋದ ನೋಟ ಮರಳಿ ಬರುವುದಿಲ್ಲ, ಉಳಿದದ್ದೂ ಎರಡು ಮೂರು ವರ್ಷದ ಮಾತು ಎಂದರು ಅವರು. ಹಾಕಿಕೊಳ್ಳಲು ಒಂದು ಹನಿ ಔಷಧಿ ಬರೆದುಕೊಟ್ಟರು.

ಬಸ್ಸಿನಲ್ಲಿ ವಾಪಸು ಬರುವಾಗ ಅವನು ಕಿಟಕಿಯಾಚೆ ನೋಡುತ್ತ ಕೂತಿದ್ದ. “ಯಾರಿಗೂ ಹೇಳ್ಬ್ಯಾಡ್ರಿ ಅಣ್ಣ. ಕಣ್ಣು ಹೋಗೋ ನೇಕಾರನ್ನ ಯಾರು ಮಗ್ಗದ ಮುಂದೆ ಕೂರಿಸ್ತಾರೆ?” ಎಂದ. ನಾನು ಆಣೆ ಇಟ್ಟೆ. ನಮ್ಮ ಕಡೆಯ ಹಾನಗಲ್ ದಾಟಿದ ಮೇಲೆ ಮತ್ತೆ ಬಾಯಿಬಿಟ್ಟ. “ಇಷ್ಟು ವರ್ಷ ಕಿವಿಯಾಗೇ ನೋಡಿದ್ದಾಯ್ತು. ಪೂರಾ ಹೋಗೋದ್ರೊಳಗೆ ಒಂದು ಟೆಸ್ಟ್ ಕಣ್ಣಾಗೆ ನೋಡ್ಬೇಕು, ಅಷ್ಟೇ.”

ನೋಡಿಸುತ್ತೇನೆ ಬಿಡೋ ಎಂದೆ. ಎದೆ ತಟ್ಟಿಕೊಂಡೇ ಅಂದೆ.

ಪಂದ್ಯ ಬುಧವಾರ ಶುರು. ಅದಕ್ಕೆ ನಾಲ್ಕು ದಿನ ಮುಂಚೆ ಮರುಳಪ್ಪನ ಭಾವಮೈದುನ ಬೆಂಗಳೂರಿನಿಂದ ಟಿಕೆಟ್ ಕಳಿಸಿದ. ಮೂರೇ ಮೂರು, ಐದೂ ದಿನದವು. ನಾವು ಏಳು ಜನ. ಮೇಷ್ಟ್ರು ಮೇಜು ಗುದ್ದಿ ಹೇಳಿದರು: “ತಂಡ ಹೆಂಗೆ ಆರಿಸ್ತೀವೋ ಹಂಗೇ ಇದೂ. ಭಾನುವಾರ ಸಾಯಂಕಾಲ ಸಭೆ. ತನ್ನ ಹೆಸ್ರು ತಾನೇ ಎತ್ತೋ ಹಂಗಿಲ್ಲ.”

ಭಾನುವಾರ ಮಧ್ಯಾಹ್ನ ನಾಗಭೂಷಣ ನನ್ನ ಅಂಗಡಿಗೆ ಬಂದ. ಕಂಕುಳಲ್ಲಿ ಸೀರೆ. ಅರಿಶಿನ ಮೈ, ಕೆಂಪು ಅಂಚು, ಬಳ್ಳಾರಿಯ ಒಂದು ಮದುವೆಯದು. ಇನ್ನೂ ವಾರದ ಕೆಲಸ ಬಾಕಿಯಿದೆ ಎಂದು ನಾನು ಎಣಿಸಿದ್ದೆ. ಪಂದ್ಯದ ಹೊತ್ತಿಗೆ ಬಿಡುವಾಗಲೆಂದು ಎಷ್ಟೋ ದಿನದಿಂದ ಹಗಲೆಲ್ಲ ಮಗ್ಗ ಬಿಟ್ಟೇಳದೆ ಮುಗಿಸಿ, ಆ ಬೆಳಿಗ್ಗೆ ಮಗ್ಗದಿಂದ ಕೊಯ್ದು ತಂದಿದ್ದ. ಒಂದು ಕೊಕ್ಕೂ ತಪ್ಪಿರಲಿಲ್ಲ. ಕಣ್ಣು ಕೆಂಡವಾಗಿತ್ತು.

“ಅವ್ವಗೆ ಜ್ವರ ಅಂತೆ. ಹಟ್ಟಿಗೆ ಹೋಗಿ ನೋಡ್ಕೊಂಡು ಸಂಜೆ ಬಸ್ಸಿಗೆ ಬಂದ್ಬಿಡ್ತೀನಿ,” ಎಂದ. ಆಮೇಲೆ ಹೊಸ್ತಿಲ ಮೇಲೆ ನಿಂತು ಸಂಕೋಚದಿಂದ, “ಬಸ್ಸು ತಡ ಆದ್ರೆ ನನ್ನ ಹೆಸ್ರು ನೀವು ಎತ್ತಿರಿ ಅಣ್ಣ. ಬಂದ್ರೂ ನೀವೇ ಎತ್ಬೇಕು,” ಎಂದ.

“ಹೋಗಿ ಬಾರಲೇ, ನಾನಿಲ್ವಾ?” ಎಂದೆ.

ಸಂಜೆಯಾಯಿತು. ಬಸ್ಸು ಬರಲಿಲ್ಲ. ಮೊದಲ ಟಿಕೆಟ್ ಮರುಳಪ್ಪನಿಗೆ, ಅದಕ್ಕೆ ತಕರಾರಿಲ್ಲ. ಎರಡನೆಯದಕ್ಕೆ ಮರುಳಪ್ಪ ಮೇಷ್ಟ್ರ ಹೆಸರು ಎತ್ತಿದ. ಅನುಭವಿ ಆಟಗಾರ, ನಾಲ್ಕು ಸಲ ಬೆಂಗಳೂರು ಕಂಡವರು, ಮೆಜೆಸ್ಟಿಕ್‌ನಲ್ಲಿ ದಾರಿ ತಪ್ಪಿಸುವುದಿಲ್ಲ ಎಂದ. ನಕ್ಕು ಒಪ್ಪಿದೆವು. ಮೂರನೆಯದಕ್ಕೆ ಅವನೇ ನನ್ನ ಹೆಸರು ಎತ್ತಿದ. “ಓಂಕಾರ ಆಲ್‌ರೌಂಡರ್. ತೆಲುಗು, ಹಿಂದಿ ಎಲ್ಲಾ ಬರ್ತೈತೆ, ಲಾಡ್ಜಿನೋನ ಹತ್ರ ಜಗಳಾನೂ ಆಡ್ತಾನೆ.”

ಅಯ್ಯೋ, ಆ ಕ್ಷಣದಲ್ಲಿ ನನಗೆ ಎಷ್ಟು ಖುಷಿಯಾಯಿತೆಂದರೆ! ನಾನೂ ಗ್ರೌಂಡ್ ಕಂಡವನಲ್ಲ. ಮೂವತ್ತೆಂಟು ವರ್ಷ ಅಂಗಡಿ, ಮನೆ, ಅಂಗಡಿ. ಅವನ ಬಾಯಿಂದ ನನ್ನ ಹೆಸರು ಬಂದದ್ದೇ ಮನಸ್ಸು ಬೆಂಗಳೂರು ಸೇರಿಬಿಟ್ಟಿತು.

“ಮತ್ತೆ ನಾಗ? ಅವನ ಹೆಸ್ರು ಯಾರಾದ್ರೂ ಎತ್ತೋರು ಇದೀರೇನ್ರಪ್ಪಾ?” ಎಂದು ಮೇಷ್ಟ್ರು ಕೇಳಿದರು. ಕೇಳಿದ್ದು ನನ್ನ ಮುಖ ನೋಡಿಯೇ.

ನಾನು ಹೇಳಿದೆ: “ಅವನ ಮಗ್ಗದ ಮೇಲೆ ಮದುವೆ ಸೀರೆ ಐತೆ.”

ನಮ್ಮ ಊರಿನವರಿಗೆ ಅಷ್ಟು ಸಾಕು. ಮಗ್ಗದ ಮೇಲೆ ಮದುವೆ ಸೀರೆಯಿದ್ದರೆ ಆ ನೇಕಾರನನ್ನು ಹಬ್ಬಕ್ಕೂ ಕರೆಯುವುದಿಲ್ಲ, ಸಾವಿಗೂ ಕರೆಯುವುದಿಲ್ಲ. ಮುಹೂರ್ತ ಯಾರಿಗೂ ಕಾಯುವುದಿಲ್ಲವಲ್ಲ. ಎಲ್ಲರೂ “ಹೌದೌದು, ಪಾಪ” ಎಂದರು. ಮೇಷ್ಟ್ರು ನನ್ನ ಹೆಸರು ಬರೆದುಕೊಂಡರು. ಸೀರೆ ನನ್ನ ಅಂಗಡಿಯ ಬೀರುವಿನಲ್ಲಿತ್ತು, ಬೀಗದ ಕೈ ನನ್ನ ಜೇಬಿನಲ್ಲಿತ್ತು.

ಸಭೆ ಮುಗಿದು ಬೀದಿಯ ಮೂಲೆಗೆ ಬರುವಷ್ಟರಲ್ಲಿ ನಾಗಭೂಷಣ ಬಸ್ಸಿಳಿದು ಓಡಿ ಬಂದ. ಏದುಸಿರು. “ಏನಾಯ್ತಣ್ಣ?”

“ನಾನು, ಮರುಳಪ್ಪ, ಮೇಷ್ಟ್ರು. ಎಲ್ಲಾ ಸೇರಿ ಹಂಗೆ ಮಾಡಿದ್ರು ಕಣೋ,” ಎಂದೆ.

ಅವನ ಮುಖ ನೋಡಲು ಹೋಗಲಿಲ್ಲ ನಾನು. “ಆಯ್ತು ಬಿಡ್ರಿ. ಸೆಲೆಕ್ಷನ್ ಅಂದ್ಮೇಲೆ ಹಂಗೇನೆ,” ಎಂದು ನಕ್ಕಂತೆ ಮಾಡಿದ. ಕಾರಣ ಕೇಳಲಿಲ್ಲ. ಕೆದಕಿ ಕೇಳುವುದು ಅವನ ಜಾಯಮಾನದಲ್ಲೇ ಇರಲಿಲ್ಲ, ಇದ್ದಿದ್ದರೆ ನನಗೆ ಒಳ್ಳೆಯದಾಗುತ್ತಿತ್ತು.

ಹೋದೆವು. ಬಿಸಿಲಿಗೆ ಕಾದ ಮೆಟ್ಟಿಲು, ದೂರದಲ್ಲಿ ಬಿಳಿಯ ಬಟ್ಟೆಯವರು. ಚೆಂಡು ಒಳಗೆ ತಿರುಗಿತೋ ಹೊರಗೆ ತಿರುಗಿತೋ ನನಗೆ ಒಂದೂ ತಿಳಿಯಲಿಲ್ಲ. ಪಕ್ಕದವರು ಎದ್ದರೆ ಎದ್ದೆ, ಕೂಗಿದರೆ ಕೂಗಿದೆ. ಮೂರನೆಯ ದಿನ ಊಟ ಜಾಸ್ತಿಯಾಗಿ ಮುಖಕ್ಕೆ ಕರ್ಚೀಫು ಹಾಕಿಕೊಂಡು ಟೀ ಹೊತ್ತಿನವರೆಗೆ ನಿದ್ದೆ ಹೊಡೆದೆ. ಥೂ ನನ್ನ ಜನ್ಮಕ್ಕೆ! ನಾಲ್ಕನೆಯ ದಿನಕ್ಕೇ ನಮ್ಮವರು ಸೋತು ಆಟ ಮುಗಿಯಿತು. ಊರಿಗೆ ಬಂದ ಮೇಲೆ ನಾಗಭೂಷಣ ಒಂದೊಂದೇ ವಿವರ ಕೇಳಿದ. ಬೌಲರ್ ಓಡಿ ಬರುವಾಗ ಎದುರಿಗಿದ್ದವನ ಕಾಲು ಎಲ್ಲಿರುತ್ತಿತ್ತು, ಸ್ಲಿಪ್‌ನವರು ಎಷ್ಟು ಬಗ್ಗಿ ನಿಲ್ಲುತ್ತಿದ್ದರು, ಹುಲ್ಲು ನಿಜವಾಗಿ ಎಷ್ಟು ಹಸಿರು. ನಾನು ಪೇಪರಿನಲ್ಲಿ ಓದಿದ್ದನ್ನೇ ಕಂಡವನಂತೆ ಹೇಳಿದೆ. ಅವನು ಮಗ್ಗ ನಿಲ್ಲಿಸಿ ಕೇಳಿದ.

ಡಾಕ್ಟರು ಹೇಳಿದಂತೆಯೇ ಕತ್ತಲಾಯಿತು. ಎರಡು ಸಾವಿರನೇ ಇಸವಿಯ ದೀಪಾವಳಿಗೆ ಅವನು ಮಗ್ಗ ಬಿಟ್ಟ. ಆ ಮಗ್ಗಕ್ಕೆ ಅವನ ಹೆಂಡತಿ ಪಾತಮ್ಮ ಕೂತಳು. ಅವನು ಪಕ್ಕದಲ್ಲಿ ಕೂತು ಕೈಯಂದಾಜಿನ ಮೇಲೆ ಲಾಳಿಯ ಕಂಡಿಕೆಗೆ ನೂಲು ಸುತ್ತಿಕೊಡುತ್ತಿದ್ದ. ನೂಲಿನ ನೆಪದಲ್ಲಿ ಅವರ ಮನೆಗೆ ಹೋಗುತ್ತಿದ್ದೆ, ಹೇಳಬೇಕೆಂದುಕೊಂಡು ಹೇಳದೆ ಬರುತ್ತಿದ್ದೆ. ಹೀಗೇ ನಾಲ್ಕು ವರ್ಷ ಕಳೆದವು.

ಎರಡು ಸಾವಿರದ ನಾಲ್ಕರಲ್ಲಿ ಆಸ್ಟ್ರೇಲಿಯಾದವರು ಮತ್ತೆ ಬೆಂಗಳೂರಿಗೆ ಬರುವವರಿದ್ದರು. ಬೀದಿಯಲ್ಲೆಲ್ಲ ಮತ್ತದೇ ವಾದ, ಅದೇ ಹನ್ನೊಂದು ಹೆಸರು. ಇವತ್ತು ಹೇಳಿಯೇ ತೀರುತ್ತೇನೆ, ಉಗಿದರೆ ಉಗಿಸಿಕೊಳ್ಳುತ್ತೇನೆ ಎಂದು ಗಟ್ಟಿ ಮನಸ್ಸು ಮಾಡಿ ಒಂದು ಸಂಜೆ ಅವನ ಮನೆಗೆ ಹೋದೆ. ಪಾತಮ್ಮ ಮಗ್ಗದ ಗುಂಡಿಯಿಂದ ಎದ್ದು ಬಂದು ಚಾಪೆ ಹಾಸಿದಳು.

“ನಾಗ, ಆವತ್ತು ಟಿಕೆಟ್ ಸಭೆ ಆಯ್ತಲ್ಲ, ಅದರ ವಿಷ್ಯ ಒಂದು ಮಾತು ಹೇಳ್ಬೇಕಿತ್ತು,” ಎಂದೆ.

ಅವನ ಮುಖ ಅರಳಿತು. “ಈಗಷ್ಟೇ ಇವಳಿಗೆ ಅದ್ನೇ ಹೇಳ್ತಿದ್ದೆ ಅಣ್ಣ!”

“ವರ್ಷಕ್ಕೆ ಹತ್ತು ಸಲ ಹೇಳ್ತಾರೆ, ನಂಗೆ ಬಾಯಿಪಾಠ ಆಗೈತೆ,” ಎಂದು ಪಾತಮ್ಮ ನಕ್ಕಳು. “ಊರಾಗೆ ಯಾರಿಗೂ ಬ್ಯಾಡಾದೆ, ಓಂಕಾರಣ್ಣ ಒಬ್ರೇ ನನ್ನ ಹೆಸ್ರು ಎತ್ತಿ ಅಷ್ಟು ಜನರ ಮೇಲೆ ಜಗಳ ಆಡಿದ್ರು ಅಂತ. ಕಣ್ಣು ಹೋದ ವರ್ಷ ಇವರು ಅನ್ನ ನೀರು ಬಿಟ್ಟು ಗ್ವಾಡೆ ಕಡೆ ಮುಖ ಮಾಡಿ ಮಲಗಿದ್ರಲ್ಲ, ಆವಾಗ್ಲೂ ಇದ್ನೇ ಅಂದು ಅಂದು ಎದ್ದು ಕೂತ್ರು. ನೀವು ದೇವ್ರಂಥೋರು.” ಹಾಗಂದು ಟೀ ಇಡಲು ಒಳಗೆ ಹೋದಳು.

ಊರೆಲ್ಲ ಎದುರು ನಿಂತರೂ ಮಾತಿಗೆ ಸೋಲದವನು ನಾನು, ಚಾಪೆ ಬಿಟ್ಟು ಏಳಲು ಹೊರಟೆ.

ಅವನು ನನ್ನ ಕೈ ಹುಡುಕಿ ಹಿಡಿದುಕೊಂಡ. “ನೀವಾಗಿ ಯಾವತ್ತೂ ಹೇಳ್ಕೊಂಡಿಲ್ಲ, ನಾನೂ ಕೇಳಿಲ್ಲ. ಇವತ್ತು ಹೇಳ್ರಿ ಅಣ್ಣ, ಎಷ್ಟೊತ್ತು ಜಗಳ ಆಡಿದ್ರಿ?”

“ಬಾಳ ಹೊತ್ತು ಆಡ್ದೆ ಕಣೋ,” ಎಂದೆ.

“ಕೇಳಿದ್ಯೇನೇ?” ಎಂದು ಅವನು ಹೆಮ್ಮೆಯಿಂದ ಮಗ್ಗದ ಕಡೆಗೆ ಮುಖ ತಿರುಗಿಸಿದ. ಪಾತಮ್ಮ ಅಲ್ಲಿರಲಿಲ್ಲ.